ಹಮ್‌ಹುಂಗಿನವರು ಯಾರಿದ್ದೀರಿ?

ಕಳೆದ ವಾರ ಮಗಳು ಇಲ್ಲಿ ಕುವೈತಿನ ಹವಲ್ಲಿಯ ಅಂಗಡಿಯೊಂದರಿಂದ ಕಿಮ್ಚಿಯ ಬಾಟಲಿ ತಂದಳು. ಕಿಮ್ಚಿ ಎಂದರೆ ಕೊರಿಯಾದವರ ಉಪ್ಪಿನಕಾಯಿ ಎನ್ನಿ. ಕೋಸಿಗೆ ಉಪ್ಪು, ಖಾರ ಹಾಕಿ ಹುಳಿ ಬರಿಸಿದ್ದು. ಅಲ್ಲಿಯ ಧಾರಾವಾಹಿ ನೋಡಿ ನೋಡಿ ಹಿಡಿದ ಹುಚ್ಚು. ಮುಚ್ಚಳ ತೆಗೆದದ್ದೇ ತಡ, ನನ್ನ ಹೆಂಡತಿ ಒಳಗಿನಿಂದಲೇ, "ಏನ್ರೀ ಅದು, ಹಳಸಿದ ಹಿಟ್ಟಿನ ನಾತ ಬರಾಕತ್ತದ" ಎಂದಳು. ನನಗೆ ಆ ವಾಸನೆಯ ಪರಿಚಯ ಹಳೆಯದು.

ಮಗಳಿಗೆ ಶಾಲೆಯಲ್ಲಿ ಚರ್ಚಾಸ್ಪರ್ಧೆಯಿತ್ತು. ಎರಡು ಕೊರಿಯಾಗಳು ಒಂದಾದರೆ ಸುತ್ತಲಿನ ದೇಶಗಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ವಿಷಯ. ನಾಲ್ಕು ಹಾಳೆ ಬರೆದಿದ್ದಳು: ಸೈನ್ಯದ ಖರ್ಚು ಉಳಿಯುತ್ತದೆ, ಬಾಂಬಿನ ಭಯ ತಗ್ಗುತ್ತದೆ, ಉತ್ತರದ ಗಣಿಗೂ ದಕ್ಷಿಣದ ಕಾರ್ಖಾನೆಗೂ ನಂಟು ಬೆಳೆಯುತ್ತದೆ, ರೈಲು ಸಮುದ್ರದ ದಂಡೆಯಿಂದ ಹೊರಟು ನೇರ ಯುರೋಪಿನವರೆಗೆ ಓಡುತ್ತದೆ. ಹಾಳೆ ಮಡಿಸುತ್ತಾ ಕೇಳಿದಳು, "ಅಪ್ಪಾ, ಯೂ ವರ್ಕ್ಡ್ ವಿತ್ ಕೊರಿಯನ್ಸ್, ನೋ? ನಾರ್ತ್‌ನವರು ಯಾರಾದ್ರೂ ಗೊತ್ತಿದ್ರಾ?"

"ಇಲ್ಲವ್ವಾ, ಯಾರೂ ಇರಲಿಲ್ಲ" ಎಂದೆ.

ಅದು ಸುಳ್ಳು. ಅದೇ ಸುಳ್ಳನ್ನು ನಾನು ಹೇಳಿದ್ದು ಎರಡನೆಯ ಸಲ. ಮೊದಲ ಸಲ ಯಾರಿಗೆ ಹೇಳಿದೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಿಷಿಯನ್. ನಮ್ಮ ಸೈಟಿನ ಸೂಪರ್‌ವೈಸರ್ ಪಾಕ್ ಎಂಬವರು, ದಕ್ಷಿಣ ಕೊರಿಯಾದವರು. ಮಧ್ಯಾಹ್ನ ಅವರ ಡಬ್ಬಿಯ ಕಿಮ್ಚಿ ನನ್ನ ರೊಟ್ಟಿಗೂ, ನನ್ನ ಡಬ್ಬಿಯ ಶೇಂಗಾ ಚಟ್ನಿ ಅವರ ಅನ್ನಕ್ಕೂ ಬೀಳುತ್ತಿತ್ತು. ಅಂಗಡಿಯ ಕಿಮ್ಚಿಗೆ ಖಾರ ಹೆಚ್ಚು, ತಮ್ಮ ತಾಯಿ ಮಾಡುವುದು ನೀರುನೀರಾಗಿ, ತಣ್ಣಗಿರುತ್ತದೆ ಎನ್ನುತ್ತಿದ್ದರು. ತಾಯಿ ಉತ್ತರದ ಹಮ್‌ಹುಂಗ್ ಎಂಬ ಊರಿನವರು. ಯುದ್ಧದ ಚಳಿಗಾಲದಲ್ಲಿ, ಇನ್ನೂ ಸಣ್ಣ ಹುಡುಗಿಯಾಗಿದ್ದಾಗ, ಹಡಗು ಹತ್ತಿ ದಕ್ಷಿಣಕ್ಕೆ ಬಂದರು. ಅಕ್ಕ ದಂಡೆಯಲ್ಲೇ ಉಳಿದಳು. ಆಮೇಲೆ ಒಂದು ಕಾಗದವೂ ಇಲ್ಲ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಆ ವರ್ಷ ಕನ್ನಡಿಗರ ಕೂಟದ ರಾಜ್ಯೋತ್ಸವದಲ್ಲಿ ಏಕೀಕರಣದ ಮೇಲೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಅದೇ ಗುಂಗಿನಲ್ಲಿ ಪಾಕ್ ಅವರಿಗೂ ಪಾಠ ಹೇಳಿದೆ. ನಾವೂ ಮುಂಬೈ, ಹೈದರಾಬಾದು, ಮದ್ರಾಸು, ಮೈಸೂರು ಎಂದು ಹರಿದು ಹಂಚಿಹೋಗಿದ್ದೆವು, ಭಾಷೆ ಒಂದೇ ಇದ್ದರೆ ಒಂದಾಗುವುದೇನು ಮಹಾ, ಎಂದೆ.

"ಒಂದಾಗುವ ಮೊದಲು ನಿಮ್ಮ ಅಜ್ಜ ಮೈಸೂರಿಗೆ ಹೋಗಬಹುದಿತ್ತೇ?" ಎಂದು ಅವರು ತಮ್ಮ ಮುರುಕು ಇಂಗ್ಲಿಷಿನಲ್ಲಿ ಕೇಳಿದರು.

ಟಿಕೆಟ್ ತೆಗೆಸಿದರಾಯಿತು, ನಮಗೆ ಅಲ್ಲಿ ಬೀಗರೇ ಇದ್ದರು ಎಂದೆ. ಅವರು ಕಿಮ್ಚಿ ಅಗಿಯುತ್ತಾ ತಲೆಯಾಡಿಸಿದರು. ತಮ್ಮ ಮಗನಿಗಂತೂ ಒಂದಾಗುವುದೇ ಬೇಡವಾಗಿದೆ, ತೆರಿಗೆ ಏರುತ್ತದೆ ಎನ್ನುತ್ತಾನೆ ಎಂದರು. ತಾಯಿಗೆ ಮಾತ್ರ ದೇಶ, ತೆರಿಗೆ ಯಾವುದೂ ಬೇಕಿರಲಿಲ್ಲ, ಅಕ್ಕ ಬದುಕಿದ್ದಾಳೋ ಇಲ್ಲವೋ ಎಂಬುದಷ್ಟೇ ಬೇಕಿತ್ತು.

ನಮ್ಮ ಬೇಲಿಯ ಆಚೆಗಿನ ಸೈಟಿನಲ್ಲಿ ಗೋದಾಮು ಕಟ್ಟುತ್ತಿದ್ದವರು ಉತ್ತರ ಕೊರಿಯಾದ ಕೆಲಸಗಾರರು. ಗುಂಪಾಗಿ ಬರುವರು, ಗುಂಪಾಗಿ ಹೋಗುವರು, ಅವರ ಮೇಲೊಬ್ಬ ಕಾವಲಿನವನು. ಸರ್ಕಾರದ ಅನುಮತಿಯಿಲ್ಲದೆ ಅವರೊಡನೆ ಮಾತಾಡುವುದು ಪಾಕ್ ಅವರ ದೇಶದ ಕಾನೂನಿಗೂ ಒಪ್ಪಿಗೆಯಿಲ್ಲ. ಆ ಸೈಟಿನ ಜನರೇಟರ್ ನೋಡಿಕೊಳ್ಳಲು ವಾರಕ್ಕೊಮ್ಮೆ ಹೋಗುತ್ತಿದ್ದವನು ನಾನು. ಒಂದು ದಿನ ಪಾಕ್ ನನ್ನನ್ನು ಪಕ್ಕಕ್ಕೆ ಕರೆದರು.

"ಅವರು ನೀರು ಕುಡಿಯಲು ಒಬ್ಬೊಬ್ಬರಾಗಿ ಬರುತ್ತಾರೆ. ಆಗ ಮೆಲ್ಲಗೆ ಹಮ್‌ಹುಂಗ್ ಎನ್ನಿ, ಅಷ್ಟೇ. ಒಬ್ಬೊಬ್ಬರಿಗೇ. ಮೆಲ್ಲಗೆ."

ಎರಡು ಸಲ ಹೇಳಿದ್ದರು. ನಾನು ಕೇಳಿಸಿಕೊಂಡೂ ಇದ್ದೆ. ಆದರೆ ನಮ್ಮ ಕಡೆಯವರಿಗೆ ಊರು ಕೇಳುವುದೆಂದರೆ ಏನು ಎಂದು ನಿಮಗೆ ಗೊತ್ತಲ್ಲ. ಬಸ್ಸಿನಲ್ಲಿ ಪಕ್ಕದವನು ಕೂರುವ ಮೊದಲೇ "ಯಾವೂರ್ರೀ ನಿಮ್ದು" ಎನ್ನುತ್ತೇವೆ. ಕುವೈತಿಗೆ ಬಂದ ಮೇಲಂತೂ ಕನ್ನಡದ ಸದ್ದು ಕಿವಿಗೆ ಬಿದ್ದರೆ ಸಾಕು, ರಸ್ತೆಯ ಈಚೆಯಿಂದಲೇ ಕೂಗಿ ಊರು ಕೇಳಿ, ಆಚೆ ದಾಟುವಷ್ಟರಲ್ಲಿ ಸಂಬಂಧ ಹಚ್ಚಿರುತ್ತೇವೆ. ಊರಿನ ಹೆಸರು ಯಾರಿಗಾದರೂ ಕೇಡು ತರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮನೆಯಿಂದ ಶೇಂಗಾ ಉಂಡಿಯ ಡಬ್ಬಿ ಒಯ್ದೆ. ಚಹಾದ ಹೊತ್ತಿಗೆ ಅವರೆಲ್ಲ ನೆರಳಿನಲ್ಲಿ ಕುಳಿತಿದ್ದರು. ಕಾವಲಿನವನಿಗೂ ಒಂದು ಕೊಟ್ಟೆ. ನಮ್ಮೂರ ಮದುವೆಯ ಪಂಕ್ತಿಯಲ್ಲಿ ಬಡಿಸುವವನ ಠೀವಿಯಲ್ಲಿ ನಿಂತು, ಎಲ್ಲರಿಗೂ ಕೇಳಿಸುವಂತೆ, "ಹಮ್‌ಹುಂಗ್? ಎನಿಬಡಿ ಹಮ್‌ಹುಂಗ್?" ಎಂದೆ.

ಹಿಂದಿನ ಸಾಲಿನಲ್ಲಿ ಒಬ್ಬ ಅರ್ಧ ಎದ್ದ. ಕೈಯಲ್ಲಿ ಉಂಡಿ ಇತ್ತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾವಲಿನವನು ಅವನತ್ತ ತಿರುಗಿದ. ಅವನು ಮತ್ತೆ ಕುಳಿತ. "ಖಲಾಸ್, ಗೋ" ಎಂದು ಕಾವಲಿನವನು ನನ್ನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟ.

ಮುಂದಿನ ವಾರ ಹೋದಾಗ ಆ ಸಾಲಿನಲ್ಲಿ ಅವನಿರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ. ಬೇರೆ ಸೈಟಿಗೆ ಹಾಕಿದರೋ, ವಿಮಾನ ಹತ್ತಿಸಿದರೋ ತಿಳಿಯಲಿಲ್ಲ. ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಇಕಾಮಾಕ್ಕೆ, ಅಂದರೆ ಇಲ್ಲಿರುವ ಪರವಾನಗಿಗೆ, ಎಲ್ಲಿ ಕುತ್ತು ಬರುತ್ತದೋ ಎಂಬ ಅಂಜಿಕೆಯೂ ಇತ್ತು. ಆದರೆ ಅಂಜಿಕೆಗಿಂತ ನಾಚಿಕೆಯೇ ದೊಡ್ಡದಾಗಿತ್ತು. ಪಾಕ್ ಕೇಳಿದಾಗ, ಎಲ್ಲರನ್ನೂ ವಿಚಾರಿಸಿದೆ, ಆ ಊರಿನವರು ಯಾರೂ ಇಲ್ಲ ಎಂದೆ. ಅವರು ನನ್ನ ಎರಡೂ ಕೈ ಹಿಡಿದು ಬಗ್ಗಿ ನಮಸ್ಕರಿಸಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ, ಸತ್ಯವನ್ನೂ ಹೇಳಲಿಲ್ಲ.

ಅವರು ಊರಿಗೆ ಮರಳಿದ ಎಷ್ಟೋ ವರ್ಷಗಳ ಮೇಲೆ ಒಂದು ಸಂದೇಶ ಬಂತು. ತಾಯಿ ತೀರಿಕೊಂಡರಂತೆ. ದೂರದ ದೇಶದಲ್ಲಿ ತನಗಾಗಿ ಯಾರೋ ಒಬ್ಬರು ಕೇಳಿದರಲ್ಲ ಎಂದು ಕೊನೆಯವರೆಗೂ ನನ್ನನ್ನು ನೆನೆಯುತ್ತಿದ್ದರಂತೆ.

ಕಿಮ್ಚಿ ತಂದ ದಿನವೇ ಇದನ್ನೆಲ್ಲ ಮಗಳಿಗೆ ಹೇಳಿದೆ. "ಇಲ್ಲ ಅಂದೆನಲ್ಲ, ಅದು ಖರೇ ಅಲ್ಲ. ಒಬ್ಬಾಂವ ಇದ್ದ." ಅವಳು ತನ್ನ ನಾಲ್ಕು ಹಾಳೆಗಳನ್ನು ಪಕ್ಕಕ್ಕಿಟ್ಟಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಮಿಸ್ಟರ್ ಪಾಕ್‌ಗೆ ಹೇಳಿದ್ರಾ?"

ಅವಳ ಎದುರೇ ಕುಳಿತು ಫೋನಿನಲ್ಲಿ ಬರೆದೆ. ಒಬ್ಬನಿದ್ದ, ನಾನು ಗಟ್ಟಿಯಾಗಿ ಕೇಳಿಬಿಟ್ಟೆ, ಅವನು ಎದ್ದದ್ದನ್ನು ನಿಮ್ಮಿಂದ ಮುಚ್ಚಿಟ್ಟೆ, ಕ್ಷಮಿಸಿ. ಹೆಂಡತಿ ಬಾಟಲಿಯ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ದೊಡ್ಡಮ್ಮನಿಗೆ ಮಗನಿದ್ದರೆ ನನ್ನದೇ ವಯಸ್ಸಿರಬೇಕು. ಅಂದು ಎದ್ದವನಿಗೆ ಎಷ್ಟು ವಯಸ್ಸಾಗಿತ್ತು? ನೋಡಲು ಹೇಗಿದ್ದ?"

ನಾಲ್ಕು ದಿನವಾಯಿತು, ನೆನಪಿಸಿಕೊಳ್ಳುತ್ತಲೇ ಇದ್ದೇನೆ. ಕೈಯಲ್ಲಿದ್ದ ಉಂಡಿ ನೆನಪಿದೆ, ಮೊಣಕಾಲಿಗೆ ಅಂಟಿದ್ದ ಸಿಮೆಂಟು ನೆನಪಿದೆ. ಮುಖ ನೆನಪಿಲ್ಲ. ಅವನು ಎದ್ದ ಆ ಗಳಿಗೆಯಲ್ಲಿ ನಾನು ನೋಡುತ್ತಿದ್ದದ್ದು ಕಾವಲಿನವನ ಮುಖವನ್ನು.