ಪೈಪಿಗೆ ಸುತ್ತಿದ ಹಗ್ಗ, ನನ್ನ ಕೈಗುಣ

ಆ ಕಾರಿನ ಸುದ್ದಿ ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೆಂಗಳೂರಿನಲ್ಲಿ ಯಾರದೋ ಶೆಡ್ಡಿನಲ್ಲಿ ದೂಳು ತಿನ್ನುತ್ತಾ ಬಿದ್ದಿದ್ದನ್ನು ನಮ್ಮವರು ಕೊಂಡು ತಂದಿದ್ದರು. ಅರವತ್ತರ ದಶಕದ ಮೊದಲಲ್ಲಿ, ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ನಮ್ಮ ಹಳ್ಳಿಯಲ್ಲಿ, ಮನೆ ಮುಂದೆ ಕಾರು ನಿಂತರೆ ಅದೊಂದು ದೊಡ್ಡಸ್ತಿಕೆ. ದೊಡ್ಡಸ್ತಿಕೆ ಅವರದು, ಕಾಲು ಸುಟ್ಟುಕೊಳ್ಳುವವಳು ನಾನು. ಇಂಜಿನ್ನಿನ ಹೊಗೆ ಹೊರಗೆ ಹಾಕುವ ಪೈಪು ಹಿಂದಿನ ಸೀಟಿನವರ ಕಾಲಡಿಯಲ್ಲೇ ಹಾದು ಹೋಗುತ್ತಿತ್ತು. ಸ್ವಲ್ಪ ದೂರ ಓಡಿತೆಂದರೆ ತಳದ ತಗಡು ರೊಟ್ಟಿ ಹೆಂಚಿನ ಹಾಗೆ ಕಾಯುತ್ತಿತ್ತು.

"ರೀ, ಕಾಲಿಡಕ್ಕೆ ಆಗ್ತಿಲ್ಲ" ಅಂದರೆ, "ಇಂಜಿನ್ ಇರೋ ಗಾಡಿ ಕಣೇ, ಬಿಸಿ ಆಗ್ದೆ ಇರುತ್ತಾ? ಕಾಲು ಮೇಲಿಟ್ಕೊಂಡು ಕೂತ್ಕೋ" ಅನ್ನುತ್ತಿದ್ದರು.

ಬರೀ ಕಾಲಿನ ಮಾತಾಗಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಆದರೆ ನಮ್ಮದು ರೇಷ್ಮೆ ಹುಳು ಮೇಯಿಸುವ ಮನೆ. ಪ್ರತಿ ಬೆಳೆಗೂ ಚಿಕ್ಕಬಳ್ಳಾಪುರದ ಬಿತ್ತನೆ ಕೋಠಿಯಿಂದ ಹುಳುವಿನ ಮೊಟ್ಟೆ ತರಬೇಕು. ಚಿಟ್ಟೆಗಳು ಕಾಗದದ ಮೇಲೆ ಇಟ್ಟ, ಗಸಗಸೆಯಷ್ಟು ಸಣ್ಣ ಮೊಟ್ಟೆ. ಅದಕ್ಕೆ ಬಿಸಿ ತಾಗಬಾರದು, ಬೀಡಿ ಹೊಗೆ ತಾಗಬಾರದು. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಕಾಗದಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಮಡಿಲಲ್ಲಿ ಇಟ್ಟುಕೊಂಡು ಬಿಸಿಲೇರುವ ಮುಂಚೆ ಮನೆ ಸೇರಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ ತರುವವರ ಕೈಗುಣ ಚೆನ್ನಾಗಿರಬೇಕು. ಕೈಗುಣ ಇಲ್ಲದವರು ತಂದ ಮೊಟ್ಟೆ ಒಡೆದು ಹುಳು ಬರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ನಮ್ಮ ಅತ್ತೆಯ ಕೈಗುಣಕ್ಕೆ ಊರಲ್ಲೆಲ್ಲ ಹೆಸರಿತ್ತು. ಬೇರೆ ಮನೆಯವರೂ ತಮ್ಮ ಮೊಟ್ಟೆಯನ್ನು ಅವರ ಕೈಯಲ್ಲೇ ತರಿಸುತ್ತಿದ್ದರು.

ಆ ವರ್ಷ ಅತ್ತೆಗೆ ಮಂಡಿ ಹಿಡಿದುಕೊಂಡಿತು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಈ ಸಲ ನೀನೇ ತಂದ್ಬಿಡಮ್ಮ. ಮೊಟ್ಟೆ ಚೆನ್ನಾಗಿ ಒಡೀತು ಅಂದ್ರೆ ಇನ್ಮೇಲೆ ಹುಳದ ಮನೆ ನಿಂದೇ" ಎಂದರು. ಮದುವೆಯಾಗಿ ಬಂದಾಗಿನಿಂದ ಸೊಪ್ಪು ಹೆಚ್ಚುವುದು, ಹುಳುವಿನ ಕಸ ತೆಗೆಯುವುದು, ಇಷ್ಟೇ ನನ್ನ ಪಾಲಿಗಿದ್ದದ್ದು. ಹುಳದ ಮನೆ ನನ್ನ ಕೈಗೆ ಬರಲಿ ಎಂದು ಎಷ್ಟು ಆಸೆಪಟ್ಟಿದ್ದೆನೋ ನನಗೇ ಗೊತ್ತು.

ಬಸ್ಸಿಗೆ ಹೊರಟವಳನ್ನು ನಮ್ಮವರು ತಡೆದರು. ಮನೆಯಲ್ಲಿ ಕಾರಿಟ್ಟುಕೊಂಡು ಹೆಂಡತಿಯನ್ನು ಬಸ್ಸಿಗೆ ಕಳಿಸಿದರೆ ಜನ ನಗುತ್ತಾರಂತೆ. ಕಾರಿನಲ್ಲೇ ಹೋದೆವು. ಬರುವಾಗ ನನ್ನನ್ನು ಮುಂದೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಬುಟ್ಟಿಯನ್ನು ತಾವೇ ಇಸಿದುಕೊಂಡು ಹಿಂದೆ ಕಾಲಿಡುವ ಕಡೆ ಇಟ್ಟರು. "ಅಲ್ಲಿ ಕಾಯುತ್ತೆ ರೀ" ಅಂದೆ. "ಒದ್ದೆ ಬಟ್ಟೆ ಇದೆಯಲ್ಲ, ಮಡಿಲಲ್ಲಿದ್ರೆ ಕುಲುಕಾಡುತ್ತೆ" ಅಂದರು. ಶಿಡ್ಲಘಟ್ಟದಲ್ಲಿ ಯಾರೋ ಪರಿಚಯದವರು ಸಿಕ್ಕರು. ಇಂಜಿನ್ ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲವೆಂದು ಓಡಿಸಿಕೊಂಡೇ ನಿಲ್ಲಿಸಿ, ಕಾರಿನ ಗುಣಗಾನ ಮಾಡಿದ್ದೇ ಮಾಡಿದ್ದು. ನಾನು ಸೆರಗು ಜಗ್ಗಿಕೊಂಡು ಕೂತಿದ್ದೆ, ಎಷ್ಟು ಕರೆದರೂ ಅವರು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಮನೆಗೆ ಬಂದಾಗ ಅತ್ತೆಯೇ ಬುಟ್ಟಿ ಇಳಿಸಿಕೊಂಡರು. ಒದ್ದೆ ಬಟ್ಟೆ ಹಪ್ಪಳದ ಹಾಗೆ ಒಣಗಿತ್ತು.

ಮೊಟ್ಟೆ ಒಡೆಯಲಿಲ್ಲ. ಕಾಗದದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹುಳು ಹೊರಗೆ ಬಂತು, ಉಳಿದದ್ದೆಲ್ಲ ಬತ್ತಿ ಚಪ್ಪಟೆಯಾಯಿತು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ತುಂಬಿ ನಿಂತಿತ್ತು, ತಿನ್ನುವ ಹುಳುವೇ ಇಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯವರು ವಿಚಾರಿಸಲು ಬಂದಾಗ, ನನ್ನ ಎದುರಿಗೇ, "ಕೈಗುಣ ಅಂತ ಒಂದಿರುತ್ತಲ್ಲ, ಅದನ್ನ ಕೊಂಡು ತರಕ್ಕಾಗುತ್ತಾ? ಮುಂದಿನ ಸಲ ಕುಂಟ್ಕೊಂಡಾದ್ರೂ ನಾನೇ ಹೋಗ್ತೀನಿ" ಎಂದರು. ನಮ್ಮವರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಒಣಗಿದ ಬಟ್ಟೆಯನ್ನು ಕಣ್ಣಾರೆ ಕಂಡವರು, ಒಂದು ಮಾತು ಆಡಲಿಲ್ಲ. ಆ ಪೇಪರು ಕಿತ್ತು ಒಲೆಗೆ ಹಾಕಬೇಕು ಅನ್ನಿಸಿತು.

ಆದರೆ ಹಿಂದೆ ಬಿಚ್ಚಿಟ್ಟಿದ್ದ ತಮ್ಮ ಹೊಸ ರಬ್ಬರ್ ಚಪ್ಪಲಿ ಅದೇ ತಗಡಿನ ಮೇಲೆ ಮೆತ್ತಗಾಗಿ ಅಂಟಿಕೊಂಡಾಗ ಅವರಿಗೆ ಜ್ಞಾನೋದಯವಾಯಿತು. ಬೇಸಿಗೆಯಲ್ಲಿ ಹುಳದ ಮನೆ ತಂಪಾಗಿರಲೆಂದು ನಾವು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತೇವೆ. ಅದೇ ಬುದ್ಧಿಯನ್ನು ಕಾರಿಗೂ ಓಡಿಸಿ, ಗೋಣಿಚೀಲ ನೆನೆಸಿ ಪೈಪಿಗೆ ಸುತ್ತಿ ತಂತಿ ಬಿಗಿದರು. ಊರು ದಾಟುವಷ್ಟರಲ್ಲಿ ನೀರೆಲ್ಲ ಆರಿ, ಕಾರಿನಡಿಯಿಂದ ಹೊಗೆ ಎದ್ದಿತು. ಹೊಲದಲ್ಲಿದ್ದವರು ಬಾವಿಯಿಂದ ಬಿಂದಿಗೆಗಳಲ್ಲಿ ನೀರು ತಂದು ಸುರಿದರು. ದೊಡ್ಡಸ್ತಿಕೆಯೂ ಅದರ ಜೊತೆಗೇ ತೊಳೆದು ಹೋಯಿತು.

ಆಮೇಲೆ ಚಿಂತಾಮಣಿಯ ವರ್ಕ್‌ಶಾಪಿನವನು ಗೌರಿಬಿದನೂರಿನ ಕಡೆಯಿಂದ ಕಲ್ನಾರಿನ ಹಗ್ಗ ತರಿಸಿದ. ಕಾರ್ಖಾನೆಗಳ ಬಾಯ್ಲರಿಗೆ ಸುತ್ತುವ, ಬೆಂಕಿಗೂ ಉರಿಯದ ಬೂದು ಬಣ್ಣದ ಹಗ್ಗ. ಪೈಪಿನ ಉದ್ದಕ್ಕೂ ಒತ್ತಾಗಿ ಸುತ್ತಿ, "ಇಂಕ ಏಮೀ ಕಾದು ಸಾರ್, ಇನ್ನೇನೂ ಆಗಲ್ಲ, ಆರಾಮಾಗಿ ಹೋಗಿ" ಎಂದ. ನಿಜ ಹೇಳಬೇಕು, ತಗಡು ಬರೀ ಉಗುರುಬೆಚ್ಚಗಾಗುತ್ತಿತ್ತು.

ಮುಂದಿನ ಬೆಳೆಯ ಹೊತ್ತಿಗೆ ಅತ್ತೆಗೆ ಮೆಟ್ಟಿಲು ಇಳಿಯುವುದಕ್ಕೂ ಆಗಲಿಲ್ಲ, ಬೇರೆ ದಾರಿಯಿಲ್ಲದೆ ಬುಟ್ಟಿ ಮತ್ತೆ ನನಗೇ ಬಂತು. ಇನ್ನೊಂದು ಸಲ ಕೆಟ್ಟರೆ ಹುಳದ ಮನೆಯ ಆಸೆ ಬಿಟ್ಟುಬಿಡಬೇಕು. ನಾನು ಹಿಂದಿನ ಸೀಟಿನಲ್ಲಿ ಕೂತು, ಹಗ್ಗ ಇರಲಿ ಬಿಡಲಿ, ಬುಟ್ಟಿಯನ್ನು ಮಡಿಲಿಂದ ಇಳಿಸಲಿಲ್ಲ. ದಾರಿಯುದ್ದಕ್ಕೂ ಬಟ್ಟೆಗೆ ನೀರು ಚಿಮುಕಿಸುತ್ತಾ ಬಂದೆ. ಮೊಟ್ಟೆ ನೀಲಿಗೆ ತಿರುಗಿ, ಒಂದು ಬೆಳಿಗ್ಗೆ ಕಾಗದವೆಲ್ಲ ಮರಿಹುಳುಗಳಿಂದ ಕಪ್ಪಗೆ ಮಿಜಿಮಿಜಿ ಅಂದಿತು. ಖುಷಿಗೆ ನನ್ನ ಕಣ್ಣು ತುಂಬಿತು. ಅತ್ತೆ ಬಂದವರಿಗೆಲ್ಲ ಹೇಳಿದ್ದೇನು ಗೊತ್ತೇ? "ನಮ್ಮ ಹುಡುಗ ಗಾಡಿ ಪೈಪಿಗೆ ಅದೇನೋ ಹಗ್ಗ ಸುತ್ತಿಸ್ದ, ಅದ್ಕೇ ಉಳ್ಕೊಂಡ್ವು." ನಮ್ಮವರು ಬಂದವರನ್ನು ಬಗ್ಗಿಸಿ ಬಗ್ಗಿಸಿ ಹಗ್ಗ ತೋರಿಸಿದರು. ಕೆಟ್ಟರೆ ನನ್ನ ಕೈ, ಉಳಿದರೆ ಅವರ ಹಗ್ಗ. ಅವತ್ತು ನಾನು ಊಟ ಮಾಡಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ.

ಮಳೆಗಾಲ ಬಂತು. ರಸ್ತೆಯ ಕೆಸರು ನೀರನ್ನೆಲ್ಲ ಹಗ್ಗ ಹೀರಿಕೊಂಡು ಒಳಗೊಳಗೇ ಪೈಪಿಗೆ ತುಕ್ಕು ಹಿಡಿಸಿತ್ತು. ಮೇಲೆ ಹಗ್ಗ ಮುಚ್ಚಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ. ಮತ್ತೆ ಮೊಟ್ಟೆ ತರುವಾಗ, ಶಿಡ್ಲಘಟ್ಟ ಇನ್ನೂ ಮುಂದಿದ್ದ ಹಾಗೇ ಪೈಪು ತುಂಡಾಗಿ, ಹಗ್ಗದ ಸಮೇತ ನೆಲಕ್ಕೆ ಉಜ್ಜಿಕೊಂಡು ಬಂತು. ಕಾರು ಕಿವಿ ಕಿತ್ತುಹೋಗುವಂತೆ ಗರ್ಜಿಸಿತು, ಬಿಸಿ ಹೊಗೆ ನೇರ ನನ್ನ ಕಾಲಡಿಯ ತಗಡಿಗೇ ಬಡಿಯತೊಡಗಿತು. ನಾನು ಬುಟ್ಟಿ ಎತ್ತಿಕೊಂಡು ಇಳಿದೆ.

"ಸ್ವಲ್ಪ ತಡಿಯೇ, ತಂತಿ ಕಟ್ತೀನಿ" ಅಂದರು.

"ನೀವು ಕಟ್ಕೊಳ್ಳಿ" ಎಂದು ಹಿಂದೆ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಬಿಟ್ಟೆ. ತಿರುಗಿ ನೋಡಲಿಲ್ಲ.

ಆ ಸಲ ಒಂದು ಮೊಟ್ಟೆಯೂ ಕೆಡಲಿಲ್ಲ. ಅತ್ತೆ ಕೋಳಿ ಪುಕ್ಕದಿಂದ ಮರಿಹುಳುಗಳನ್ನು ತಟ್ಟೆಗೆ ಇಳಿಸುತ್ತಾ, "ಏನೇ ಹೇಳು, ಬಸ್ಸೇ ವಾಸಿ" ಎಂದರು. ನನಗೆ ತಡೆಯಲಾಗಲಿಲ್ಲ. "ಈ ಸಲ ಬಸ್ಸು, ಹೋದ ಸಲ ಹಗ್ಗ. ಹಂಗಾದ್ರೆ ಮೊದಲ್ನೇ ಸಲ ಮಾತ್ರ ನನ್ನ ಕೈಗುಣಾನಾ ಅತ್ತೆ?" ಎಂದು ಕೇಳಿಯೇಬಿಟ್ಟೆ.

ಅವರು ಪುಕ್ಕ ಕೆಳಗಿಟ್ಟರು. ಕಿಟಕಿಯಾಚೆ ನಮ್ಮವರು ಕಾರಿನಡಿ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು.

"ಅವತ್ತು ಬುಟ್ಟಿ ಇಳಿಸ್ಕೊಂಡಾಗ್ಲೇ ತಳ ಸುಡ್ತಿತ್ತಮ್ಮ" ಎಂದರು ಅತ್ತೆ. "ಹೆತ್ತ ಮಗನ್ನ ಊರೋರ ಮುಂದೆ ಹೆಂಗೆ ಅನ್ನಲಿ? ನೀನಾದ್ರೆ ಸಹಿಸ್ಕೊತೀಯ ಅಂದ್ಕೊಂಡೆ."

ಸೊಂಟದಿಂದ ಹುಳದ ಮನೆಯ ಬೀಗದಕೈ ಬಿಚ್ಚಿ ನನ್ನ ಮುಂದಿಟ್ಟರು. ನಾನು ಅದನ್ನು ಮುಟ್ಟದೆ ಸೊಪ್ಪಿನ ಮುಂದೆ ಕೂತು, ಮರಿಹುಳುಗಳಿಗೆ ಎಷ್ಟು ಸಣ್ಣಗೆ ಬೇಕೋ ಅದಕ್ಕಿಂತ ಸಣ್ಣಗೆ ಹೆಚ್ಚುತ್ತಲೇ ಇದ್ದೆ. ಬೀಗದಕೈ ಎತ್ತಿಕೊಂಡದ್ದು ಅವರು ಎದ್ದು ಒಳಗೆ ಹೋದ ಮೇಲೆ.