ಸಿದ್ದಾರೂಢನ ಹೊಸ ರೇಡಿಯೋ

ಎದುರುಮನೆಯ ಸಿದ್ದಾರೂಢನ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆಂದರೆ ಬನಹಟ್ಟಿಯಲ್ಲಿ ಯಾರೂ ನಂಬುವುದಿಲ್ಲ. ನನಗೇ ನಂಬಿಕೆಯಿಲ್ಲ. ನಮ್ಮ ಓಣಿಯಲ್ಲಿ ಕೈಮಗ್ಗ ಉಳಿದಿರುವುದು ನಮ್ಮಿಬ್ಬರ ಮನೆಯಲ್ಲಷ್ಟೇ. ಪವರ್‌ಲೂಮಿನ ಗದ್ದಲದಲ್ಲಿ ರೇಡಿಯೋ ಕೇಳಿಸುವುದಿಲ್ಲ. ಹಾಗಾಗಿ ನೂಲು ಸುತ್ತುವ ಹೆಂಗಸರು ತಮ್ಮ ರಾಟಿ ಹೊತ್ತುಕೊಂಡು ಬಂದು ನನ್ನ ರೇಡಿಯೋ ಕೇಳುತ್ತ ನನ್ನ ಕಟ್ಟೆಯ ಮೇಲೇ ಕೂರುತ್ತಿದ್ದರು. ಶ್ರೋತೃ ಸಂಘದ ರಬ್ಬರ್ ಮುದ್ರೆಯೂ ನನ್ನ ಬಳಿಯೇ. ರೇಡಿಯೋಕ್ಕೆ ಯಾರೇ ಪತ್ರ ಬರೆಯಲಿ, ನಾನು ಮುದ್ರೆ ಒತ್ತಿ ಅಂಚೆಗೆ ಹಾಕುವುದು ಇಪ್ಪತ್ತೆರಡು ವರ್ಷಗಳ ಪದ್ಧತಿ.

ಹೋದ ವರ್ಷ ಈ ಪುಣ್ಯಾತ್ಮ ಡಿಜಿಟಲ್ ರೇಡಿಯೋ ತರಿಸಿದ. ಗರಗರ ಇಲ್ಲ, ಕೊರಕೊರ ಇಲ್ಲ. ಮರುದಿನವೇ ಬೋರವ್ವ ರಾಟಿ ಎತ್ತಿಕೊಂಡು ಎದುರು ಕಟ್ಟೆಗೆ ಹೋದಳು. ವಾರದೊಳಗೆ ಎಲ್ಲರೂ ಹೋದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಬೋರವ್ವಾ, ನನ್ನ ರೇಡಿಯೋದಾಗ ವಾರ್ತಾ ಮೊದಲ ಬರ್ತಾವ. ಅವನ್ದು ಮೂರ್ನಾಕು ಸೆಕೆಂಡ್ ತಡಾ!" ಎಂದು ಕೂಗಿದೆ. ಅದು ಖರೆಯೇ ಆಗಿತ್ತು.

"ಅಷ್ಟರಾಗ ನಮಗೇನ್ ಬಸ್ಸು ತಪ್ಪತೈತೇನೋ, ಗೂಳಪ್ಪಾ?" ಎಂದಳು. ಎಲ್ಲರೂ ನಕ್ಕರು. ಸಿದ್ದಾರೂಢ ನಗಲಿಲ್ಲ, ಅದಕ್ಕೂ ನನಗೆ ಸಿಟ್ಟೇ ಬಂತು.

ಅಷ್ಟರಲ್ಲಿ ರೇಡಿಯೋದವರು ಒಂದು ಪ್ರಶ್ನೆ ಹಾಕಿದರು: ಮೀಡಿಯಂ ವೇವ್ ನಿಲ್ಲಿಸಿ ಪೂರ್ತಿ ಡಿಜಿಟಲ್ ಮಾಡಬೇಕೋ ಬೇಡವೋ, ಹದಿನೈದನೇ ತಾರೀಕಿನೊಳಗೆ ಬರೆಯಿರಿ. ನಿಲ್ಲಿಸಿದರೆ ನನ್ನ ರೇಡಿಯೋ ಬರೀ ಡಬ್ಬಿ. ಓಣಿಯವರನ್ನು ಕೂಡಿಸಿ, ನಾನೇ ಹೇಳಿ, "ಮೀಡಿಯಂ ವೇವ್ ಉಳಿಸಿ" ಎಂದು ಹತ್ತು ಕಾರ್ಡು ಬರೆಸಿದೆ. ಸಿದ್ದಾರೂಢ ಮಾತ್ರ ಅಂಟಿಸಿದ ಇನ್‌ಲ್ಯಾಂಡ್ ಪತ್ರ ತಂದ.

"ಅಣ್ಣಾ, ಇದಕ್ಕೂ ಮುದ್ರಿ ಒತ್ತಿ ಕಳಿಸ್ರಿ."

ಡಿಜಿಟಲ್ ಇದ್ದವನು ಇನ್ನೇನು ಬರೆದಾನು? ನಾನು ಮುದ್ರೆ ಒತ್ತಲಿಲ್ಲ, ಕಳಿಸಲೂ ಇಲ್ಲ. ನೂಲಿನ ಪೆಟ್ಟಿಗೆಯ ತಳಕ್ಕೆ ತುರುಕಿದೆ.

ತಿಂಗಳಾದ ಮೇಲೆ ರೇಡಿಯೋದಲ್ಲಿ ತೀರ್ಮಾನ ಓದಿದರು. ಹಳೆಯದನ್ನು ಉಳಿಸಿ ಎಂದವರಲ್ಲಿ ಡಿಜಿಟಲ್ ಕೇಳಿ ನೋಡಿದವರು ಒಬ್ಬರೂ ಇಲ್ಲವಂತೆ, ಕೇಳಿದವರೆಲ್ಲ ಹೊಸದೇ ಸಾಕು ಎಂದಿದ್ದಾರಂತೆ. ಒಂದನೇ ತಾರೀಕಿನಿಂದ ಮೀಡಿಯಂ ವೇವ್ ಬಂದ್.

"ನಾ ಬರದಿದ್ನಲ್ಲಾ!" ಎಂದು ಎದುರು ಕಟ್ಟೆಯಿಂದ ಸಿದ್ದಾರೂಢ ಕೂಗಿದ.

 ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಆ ಪತ್ರ ತೆಗೆದು, ಅಂಚು ಹರಿದು ಓದಿದೆ.

"ನನ್ನಲ್ಲಿ ಹೊಸ ರೇಡಿಯೋ ಇದೆ. ದನಿ ಚಂದ. ಆದರೆ ತುಬಚಿ ಊರಿನ ಹೊಲಕ್ಕೆ ಒಯ್ದರೆ ಪೂರ್ತಿ ಮೂಕವಾಗುತ್ತದೆ. ಹಳೆಯದು ಗರಗರ ಎಂದಾದರೂ ಮಾತಾಡುತ್ತದೆ. ಅಲ್ಲಿ ಕಳೆ ತೆಗೆಯುವವರು ಹೊಸದನ್ನು ಹೇಗೆ ಕೊಂಡಾರು? ಎರಡೂ ಇರಲಿ. ರೇಡಿಯೋದ ರುಚಿ ಹಚ್ಚಿದವರು ನಮ್ಮ ಗೂಳಪ್ಪಣ್ಣ. ಅವರ ಸೆಟ್ಟು ಸುಮ್ಮನಾದರೆ ನನ್ನದನ್ನು ಹಚ್ಚಲು ನನಗೆ ಮನಸ್ಸಾಗದು."

ಹತ್ತು ಕಾರ್ಡು ಬರೆಸಿದ ನನಗೆ ಇದರಲ್ಲಿ ಒಂದು ಮಾತೂ ಹೊಳೆದಿರಲಿಲ್ಲ. ಓಣಿ ದಾಟಿ ಹೋಗಿ ಪತ್ರ ಅವನ ಕೈಗಿಟ್ಟೆ. ಹರಿದ ಅಂಚಿನ ಮೇಲೆ ಅವನು ಬೆರಳಾಡಿಸಿದ.

"ಕಳಿಸಲಿಲ್ಲೇನ್ರಿ?"

"ಇಲ್ಲ."

"ಓದಿದ್ರೇನು?"

"ಹೂಂ."

"ಹೆಂಗ ಬರದಿದ್ನಿ, ಅಣ್ಣಾ?"

"ಛಲೋ ಬರದಿದ್ದಿ," ಎಂದೆ. ಅಷ್ಟು ಹೇಳುವಾಗಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.