ಚೀಲದಮ್ಮ ಮತ್ತು ಅವರೆಬೇರು

ಜಯನಗರದ ನಮ್ಮ ಕಾಲೇಜಿನ ಬಯಾಲಜಿ ಲ್ಯಾಬಿಗೆ ಚಿಕ್ಕಬೈರಪ್ಪನವರು ಅಟೆಂಡರ್. ಬನಶಂಕರಿ ಕಡೆಯ ಅವರ ಹೊಲ ಬಹುಪಾಲು ಲೇಔಟಿಗೆ ಹೋಗಿ, ಅಂಗೈಯಗಲದ ತುಂಡು ಉಳಿದಿತ್ತು. ಅದರಲ್ಲೇ ರಾಗಿ, ನಡುವೆ ಅಕ್ಕಡಿ ಸಾಲಿಗೆ, ಅಂದರೆ ಮಿಶ್ರಬೆಳೆಯಾಗಿ, ಅವರೆ. ಲ್ಯಾಬಿನ ಸೀಸೆಯೊಂದರಲ್ಲಿ ಬೆಕ್ಕಿನಮರಿಯಷ್ಟು ದೊಡ್ಡ ಒಪಾಸಮ್ ಇತ್ತು, ಹೊಟ್ಟೆಚೀಲದ ಪ್ರಾಣಿ. ಅದನ್ನು ಅವರು ‘ಚೀಲದಮ್ಮ’ ಎನ್ನುತ್ತಿದ್ದರು.

ಎಪ್ಪತ್ತೆಂಟರ ಜನವರಿ. ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಮಾಡುವಾಗ ಅಚ್ಚಿನ ಸ್ಟೆನ್ಸಿಲ್ ಹಾಳೆ ಹರಿಯಿತು. ಚಿಕ್ಕಬೈರಪ್ಪನವರು ಎರಡು ತುಂಡನ್ನೂ ಸೇರಿಸಿ ಅಂಟಿಸಿದರು. ನಡುವಿನ ಎರಡು ಸಾಲು ಮಾಯವಾಗಿ, ‘ಒಪಾಸಮ್ ಅನ್ನು ಬೇರುಗಂಟಿನ ಬ್ಯಾಕ್ಟೀರಿಯಾದೊಂದಿಗೆ ಹೋಲಿಸಿ’ ಎಂಬ ಪ್ರಶ್ನೆ ಹುಟ್ಟಿಕೊಂಡಿತು. ಅಚ್ಚಾದ ಪ್ರತಿಯನ್ನು ಓದಿ ಸಹಿ ಹಾಕಬೇಕಾಗಿದ್ದ ಲೆಕ್ಚರರ್ ನಾನೇ. ಮಹಾರಾಣಿಯಂತೆ ಕಾಫಿ ಕುಡಿಯುತ್ತಾ, ಓದದೆ ಹಾಕಿದ್ದೆ.

ಹುಡುಗರು ಗಲಾಟೆ ಎಬ್ಬಿಸಿದರು. ಪ್ರಿನ್ಸಿಪಾಲ್ ತಿಮ್ಮರಾಯಪ್ಪನವರು ಚಿಕ್ಕಬೈರಪ್ಪನವರನ್ನು ಕರೆಸಿ, "ನಿನ್ನ ಪ್ರಶ್ನೆಗೆ ನೀನೇ ಉತ್ತರ ಹೇಳಯ್ಯ. ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದರು. ನನ್ನ ಕೆಲಸವಿನ್ನೂ ಖಾಯಂ ಆಗಿರಲಿಲ್ಲ. ಪಕ್ಕದಲ್ಲೇ ನಿಂತಿದ್ದರೂ ತುಟಿ ಬಿಚ್ಚಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

"ಒಂದ್ ಗಂಟೆ ಟೈಮ್ ಕೊಡಿ ಸಾರ್" ಎಂದು ಅವರು ಸೈಕಲ್ ಹತ್ತಿ ಹೋದರು. ಅವರೆಗಿಡವೊಂದನ್ನು ಮಣ್ಣು ಸಮೇತ ಕಿತ್ತು ತಂದು, ಪ್ರಿನ್ಸಿಪಾಲರನ್ನು ಲ್ಯಾಬಿಗೆ ಕರೆದು, ಚೀಲದಮ್ಮನ ಸೀಸೆಯ ಪಕ್ಕದಲ್ಲಿಟ್ಟರು. ವರ್ಷಗಟ್ಟಲೆ ಬೆಂಚು ಒರೆಸುತ್ತಾ ನಮ್ಮ ಪಾಠ ಕೇಳಿದ ಕಿವಿ ಅವರದು.

"ಚೀಲದಮ್ಮ ಮರಿಯಾಗಿದ್ದಾಗ ಅವ್ವನ ಚೀಲದಲ್ಲಿ ಬೆಳೆದ್ಲು. ನಿಮ್ಮ ಬ್ಯಾಕ್ಟೀರಿಯಾ ಬೇರಿನ ಈ ಗಂಟಲ್ಲಿ ಬೆಳೀತದೆ. ಅಲ್ಲಿಗೆ ಎರಡೂ ಒಂದೇ. ಆದ್ರೆ ಅವಳು ಹಾಲು ಕುಡಿದು ಹೊಂಟೋಯ್ತಾಳೆ ಸಾರ್. ಇದು ಉಂಡ ಮನೆಗೆ ಗೊಬ್ಬರ ಕೊಡ್ತದೆ. ಅದಕ್ಕೇ ಅವರೆ ಹಾಕಿದ್ ಮಣ್ಣಲ್ಲಿ ರಾಗಿ ಚೆನ್ನಾಗಿ ಬರೋದು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಬೇರನ್ನು ನೋಡುತ್ತಲೇ ಕೂತರು. ಪ್ರಶ್ನೆ ಉಳಿಯಿತು, ಚಿಕ್ಕಬೈರಪ್ಪನವರ ಕೆಲಸವೂ ಉಳಿಯಿತು. ನನ್ನ ಸಹಿಯ ಸುದ್ದಿಯನ್ನು ಚಿಕ್ಕಬೈರಪ್ಪನವರು ಎತ್ತಲೇ ಇಲ್ಲ. ಗಮನಿಸಿರಲಿಕ್ಕಿಲ್ಲ ಎಂದು ನಾನು ಹಾಯಾಗಿದ್ದೆ.

ಎಂಬತ್ತಮೂರರಲ್ಲಿ ಉಳಿದ ತುಂಡೂ ಲೇಔಟಿಗೆ ಹೋಯಿತು. ಮರುದಿನ ಅವರು ಕೊನೆಯ ಅವರೆಬೇರನ್ನು ಸೀಸೆಗೆ ಹಾಕಿ, ಕೆಡದಂತೆ ಫಾರ್ಮಲಿನ್ ತುಂಬಿ, ಚೀಲದಮ್ಮನ ಪಕ್ಕದಲ್ಲಿಟ್ಟರು. "ಅವತ್ತು ಒಂದು ಹೇಳೋದು ಮರ್ತಿದ್ದೆ ಮೇಡಂ. ಚೀಲದಮ್ಮ ಎಲ್ಲಿಗೆ ಹೋದ್ರೂ ಮನೆ ಹೊತ್ಕೊಂಡ್ ಹೋಯ್ತಾಳೆ. ಇದಕ್ಕೆ ಮಣ್ಣೇ ಬೇಕು."

ಅವರು ಸೀಸೆಗೆ ಅಂಟಿಸುವ ಚೀಟಿಯನ್ನು ನನ್ನ ಮುಂದೆ ಚಾಚಿದರು. ‘ಅವರೆಬೇರು. ಚಿಕ್ಕಬೈರಪ್ಪನ ಹೊಲ’ ಎಂದು ಬರೆದಿತ್ತು.

"ಸಹಿ ಹಾಕಿ ಮೇಡಂ" ಎಂದರು. "ಈ ಸಲ ಓದಿ ಹಾಕಿ."